ಬಟ್ಟೆ ಬ್ರ್ಯಾಂಡಿನ ಪೋಸ್ಟಿಗೆ ಸರಿಯಾದ ಭಾವ ಹಿಡಿಯುವುದು ಹೇಗೆ

ಹಳೆಯ ಪೋಸ್ಟುಗಳಿಂದಲೇ ಶುರು ಮಾಡಿ. ಕೊನೆಯ 30 ಪೋಸ್ಟುಗಳನ್ನು ತೆರೆದು, ಪ್ರತಿಯೊಂದೂ ಓದುಗರಲ್ಲಿ ಯಾವ ಭಾವ ಹುಟ್ಟಿಸುತ್ತದೆ ಎಂದು ಒಂದೇ ಪದದಲ್ಲಿ ಬರೆದಿಡಿ: ನಿರಾಳ, ಹೆಮ್ಮೆ, ತುಂಟತನ, ಆತುರ. ಪಟ್ಟಿಯ ಅರ್ಧಕ್ಕಿಂತ ಹೆಚ್ಚು 'ಆತುರ'ವೇ ಆಗಿದ್ದರೆ ದನಿ ದಾರಿ ತಪ್ಪಿದೆ. 'ಇಂದೇ ಕೊನೆ' ಎಂದು ವಾರವಾರವೂ ಕೂಗಿದರೆ ನಿಜವಾದ ಕೊನೆಯ ದಿನವನ್ನೂ ಯಾರೂ ನಂಬುವುದಿಲ್ಲ.

ಆಮೇಲೆ ಬ್ರ್ಯಾಂಡಿಗೆ ಒಪ್ಪುವ ಎರಡು ಭಾವಗಳನ್ನು ಆರಿಸಿ. ಆಯ್ಕೆಗೆ ಆಧಾರ ಉಡುಪೇ ಆಗಿರಲಿ. ಮೆತ್ತನೆಯ ಹತ್ತಿ ಅಂಗಿ ನಿರಾಳದ ಮಾತಾಡುತ್ತದೆ, ಭುಜಕ್ಕೆ ಸರಿಯಾಗಿ ಕೂತ ಕೋಟು ಆತ್ಮವಿಶ್ವಾಸದ ಮಾತಾಡುತ್ತದೆ. ಒಂದು ಪೋಸ್ಟಿಗೆ ಒಂದೇ ಭಾವ ಸಾಕು.

ಕ್ಯಾಪ್ಷನ್ನಿನಲ್ಲಿ ಭಾವದ ಹೆಸರು ಹೇಳಬೇಡಿ, ಅದನ್ನು ಹುಟ್ಟಿಸುವ ವಿವರ ಹೇಳಿ. 'ಅತ್ಯಂತ ಆರಾಮದಾಯಕ ಪ್ಯಾಂಟ್' ಎಂದರೆ ಏನೂ ತಟ್ಟುವುದಿಲ್ಲ. 'ದಿನವಿಡೀ ಕೂತೆದ್ದರೂ ಸೊಂಟ ಬಿಗಿಯುವುದಿಲ್ಲ, ಜೇಬಿನಲ್ಲಿ ಫೋನ್ ಪೂರ್ತಿ ಇಳಿಯುತ್ತದೆ' ಎಂದಾಗ ಓದಿದವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ 2,200 ಅಕ್ಷರಗಳವರೆಗೆ ಬರೆಯಬಹುದಾದರೂ ಫೀಡಿನಲ್ಲಿ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ. ಆ ವಿವರ ಅಲ್ಲೇ ಇರಲಿ. ಬಟ್ಟೆಯ ಅಳತೆ, ಒಗೆಯುವ ಕ್ರಮ ಕೆಳಗೆ ಬರಲಿ. ಆಶ್ಚರ್ಯಸೂಚಕ ಚಿಹ್ನೆ ಒಂದಕ್ಕಿಂತ ಹೆಚ್ಚು ಬಂದಿದ್ದರೆ ಎಲ್ಲವನ್ನೂ ತೆಗೆದು ಮತ್ತೆ ಓದಿ. ವಾಕ್ಯ ಸಪ್ಪೆ ಎನಿಸಿದರೆ ಕೊರತೆ ಇರುವುದು ಪದಗಳಲ್ಲಿ.

ಚಿತ್ರ ಮತ್ತು ಮಾತು ಒಂದೇ ದಿಕ್ಕಿನಲ್ಲಿರಬೇಕು. ಮುಖ ಬಿಗಿದ ಮಾಡೆಲ್ ಕೆಳಗೆ ತುಂಟ ಸಾಲು ಬರೆದರೆ ಎರಡೂ ಕೆಡುತ್ತವೆ.

ದೊಡ್ಡ ಅಪಾಯ ಇರುವುದು ಹೊತ್ತುಗೊತ್ತು ನೋಡದ ಪೋಸ್ಟುಗಳಲ್ಲಿ. 2011ರ ಫೆಬ್ರವರಿಯಲ್ಲಿ ಈಜಿಪ್ಟಿನ ಜನ ಬೀದಿಗಿಳಿದಿದ್ದಾಗ, ಆ ಗದ್ದಲಕ್ಕೆ ತನ್ನ ಹೊಸ ಉಡುಪುಗಳೇ ಕಾರಣವೇನೋ ಎಂಬರ್ಥದ ಟ್ವೀಟ್ ಹಾಕಿದ ಕೆನೆತ್ ಕೋಲ್ ಬ್ರ್ಯಾಂಡ್ ಕ್ಷಮೆ ಕೇಳಬೇಕಾಯಿತು. ಜನರ ಸಂಕಟವನ್ನು ಮಾರಾಟದ ಮೆಟ್ಟಿಲು ಮಾಡಿಕೊಂಡರೆ ಸಿಟ್ಟು ಬರುವುದು ಸಹಜ. ಮೊದಲೇ ಶೆಡ್ಯೂಲ್ ಮಾಡಿಟ್ಟ ನಿರಪರಾಧಿ ಪೋಸ್ಟು ಕೂಡ ದುರಂತದ ದಿನ ಕ್ರೂರವಾಗಿ ಕಾಣಬಹುದು. ಹಾಗಾಗಿ ಯಾರನ್ನೂ ಕೇಳದೆ ಎಲ್ಲವನ್ನೂ ತಡೆಹಿಡಿಯುವ ಅಧಿಕಾರ ಒಬ್ಬರಿಗೆ ಕೊಡಿ. ರಜೆಯ ದಿನಗಳಿಗೆ ಇನ್ನೊಬ್ಬರನ್ನು ಗೊತ್ತುಮಾಡಿ.

ಬ್ರ್ಯಾಂಡಿನ ನಿಜವಾದ ದನಿ ಕೇಳುವುದು ದೂರಿಗೆ ಕೊಟ್ಟ ಉತ್ತರದಲ್ಲಿ. ಇಲ್ಲಿ ಇಮೋಜಿ ಬೇಡ, ತುಂಟತನವಂತೂ ಬೇಡವೇ ಬೇಡ. ಗ್ರಾಹಕರು ಬಳಸಿದ ಪದವನ್ನೇ ಎತ್ತಿಕೊಂಡು, ತಪ್ಪು ಒಪ್ಪಿ, ಮುಂದೇನು, ಯಾವಾಗ ಎಂದು ಹೇಳಿ: 'ಎರಡೇ ಒಗೆತಕ್ಕೆ ಬಣ್ಣ ಬಿಟ್ಟಿದ್ದು ನಮ್ಮ ತಪ್ಪು. ಆರ್ಡರ್ ಸಂಖ್ಯೆ ಮೆಸೇಜ್ ಮಾಡಿ, ಎರಡು ದಿನದೊಳಗೆ ಬೇರೆ ಅಂಗಿ ಕಳಿಸುತ್ತೇವೆ.' ಉಳಿಸಿಕೊಳ್ಳಲಾಗದ ಗಡುವು ಕೊಡಬೇಡಿ. 'ನಿಮ್ಮ ಅಭಿಪ್ರಾಯ ಅಮೂಲ್ಯ' ಎಂಬ ಸಿದ್ಧ ಸಾಲನ್ನು ಹತ್ತು ಜನರಿಗೆ ಅಂಟಿಸಿದರೆ ಹತ್ತೂ ಜನರಿಗೆ ಅದು ಕಾಣುತ್ತದೆ.

ನಾಲ್ಕು ವಾರಗಳ ನಂತರ ಲೈಕುಗಳಿಗಿಂತ ಸೇವ್, ಶೇರ್ ಎಷ್ಟಾಗಿವೆ ನೋಡಿ, ಕಾಮೆಂಟುಗಳನ್ನು ಓದಿ. ನೀವು ಉದ್ದೇಶಿಸಿದ ಭಾವದ ಬದಲು ಬರೀ 'ಬೆಲೆ ಎಷ್ಟು?' ಎಂಬುದೇ ತುಂಬಿದ್ದರೆ, ಬೆಲೆಯನ್ನು ಪೋಸ್ಟಿನಲ್ಲೇ ಹಾಕಿ, ಮೊದಲ ಸಾಲನ್ನು ಹೊಸದಾಗಿ ಬರೆಯಿರಿ.