ಸ್ಕಿಮ್ಮರ್ ಇಲ್ಲದೆ 100 ಲೀಟರ್ ಉಪ್ಪುನೀರಿನ ಟ್ಯಾಂಕ್: ನನ್ನ ಅನುಭವ

100 ಲೀಟರ್‌ನಲ್ಲಿ ಉಪ್ಪುನೀರಿನ ಮೀನಿನ ಟ್ಯಾಂಕ್ ಮಾಡ್ತೀನಿ, ಸ್ಕಿಮ್ಮರ್ (ಗಾಳಿಗುಳ್ಳೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಮೆಷಿನ್) ಹಾಕಲ್ಲ, ಸಂಪ್ (ಕೆಳಗಿಡುವ ಫಿಲ್ಟರ್ ತೊಟ್ಟಿ) ಇಡಲ್ಲ ಅಂದಾಗ ನನಗಿಂತ ಹಳಬರೆಲ್ಲ ಮೂಗು ಮುರಿದರು. "ಮೂರು ತಿಂಗಳು ತಡೆದರೆ ಹೆಚ್ಚು" ಅಂದರು ಒಬ್ಬರು. ಇನ್ನೊಬ್ಬರು ತಮ್ಮ ಹಳೇ ಸ್ಕಿಮ್ಮರ್ ಅನ್ನು ಅರ್ಧ ಬೆಲೆಗೆ ತಗೊಳ್ಳಿ ಅಂತ ಬೆನ್ನು ಹತ್ತಿದರು. ಈಗ ಟ್ಯಾಂಕಿಗೆ ಒಂದೂವರೆ ವರ್ಷ ದಾಟಿದೆ. ಕ್ಲೌನ್ ಮೀನಿನ ಜೋಡಿ ಚೆನ್ನಾಗಿದೆ, ಹ್ಯಾಮರ್ ಕೋರಲ್ (ಹವಳ) ಎರಡು ತಲೆ ಇದ್ದದ್ದು ಐದಾಗಿದೆ. ಮೀನಿನ ಕೊಳೆಯಿಂದ ಸೇರುವ ನೈಟ್ರೇಟ್ 5 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಆಸುಪಾಸು, ಫಾಸ್ಫೇಟ್ 0.05ರ ಹತ್ತಿರ ನಿಂತಿದೆ. ಸ್ಕಿಮ್ಮರ್ ಮಾರೋಕೆ ಬಂದವರು ಈಗ ನನ್ನ ಹತ್ತಿರ ಕೀಟೋ (ನೈಟ್ರೇಟ್, ಫಾಸ್ಫೇಟ್ ಹೀರಿ ಬೆಳೆಯುವ ಕಡಲ ಪಾಚಿ) ಕೇಳ್ತಾರೆ.

ಸೈಕ್ಲಿಂಗ್ (ಮೀನು ಬಿಡುವ ಮೊದಲು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸೋದು) ಮಾಡೋದು ಹೇಗೆ, ರಿಫ್ರ್ಯಾಕ್ಟೋಮೀಟರ್ (ನೀರಿನ ಉಪ್ಪು ಅಳೆಯುವ ಸಾಧನ) ಹಿಡಿಯೋದು ಹೇಗೆ ಅಂತೆಲ್ಲ ಇಲ್ಲಿ ಹೇಳಲ್ಲ. ಅದು ನಿಮಗೆ ಗೊತ್ತಿರುತ್ತೆ.

ಮೊದಲು ದುಡ್ಡಿನ ವಿಷಯ. ಒಟ್ಟು ಖರ್ಚು ನೂರು ಭಾಗ ಅಂತ ಇಟ್ಟುಕೊಂಡರೆ, ನೀರಿಗೇ ಮೂವತ್ತು ಹೋಯಿತು. ನೀರು ಅಂದರೆ ಆರ್‌ಒ ಯೂನಿಟ್, ಡಿಐ ಕಾರ್ಟ್ರಿಡ್ಜ್‌ಗಳು (ಆರ್‌ಒ ಬಿಟ್ಟ ಖನಿಜಗಳನ್ನು ಹಿಡಿಯುವ ರೆಸಿನ್ ಡಬ್ಬಿ), ಉಪ್ಪು, ಮೀಟರ್‌ಗಳು, ಟೆಸ್ಟ್ ಕಿಟ್‌ಗಳು. ಲೈಟಿಗೆ ಇಪ್ಪತ್ತೈದು, ಕಲ್ಲಿಗೆ ಇಪ್ಪತ್ತು. ಟ್ಯಾಂಕ್ ಮತ್ತು ಸ್ಟ್ಯಾಂಡಿಗೆ ಹತ್ತು. ವೇವ್‌ಮೇಕರ್, ಹೀಟರ್, ಫ್ಯಾನ್, ಹಿಂದೆ ನೇತುಹಾಕುವ ಫಿಲ್ಟರ್ ಎಲ್ಲ ಸೇರಿ ಇನ್ನೊಂದು ಹತ್ತು. ಮೀನಿಗೆ ಉಳಿದದ್ದು ಐದು. ಎಲ್ಲರೂ ಇದನ್ನು ತಲೆಕೆಳಗೆ ಮಾಡ್ತಾರೆ. ಮೊದಲು ಮೀನು, ಆಮೇಲೆ ಮೆಷಿನ್, ನೀರಿಗೆ ಮಾತ್ರ ಚೌಕಾಸಿ. ನನ್ನ ಹಟ ಇದ್ದದ್ದೇ ಇಲ್ಲಿ. ಒಳಗೆ ಹೋಗುವ ನೀರು ಸರಿಯಿದ್ದರೆ, ಮೀನು ಕಡಿಮೆ ಇದ್ದರೆ, ಹೊರಗೆ ತೆಗೆಯುವ ಮೆಷಿನ್ ಯಾಕೆ ಬೇಕು?

ಆ ನೀರೇ ಮೊದಲು ಕೈಕೊಟ್ಟದ್ದು. ಆರ್‌ಒ-ಡಿಐ ಹೊಸದು. ನೀರು ಎಷ್ಟು ವಿದ್ಯುತ್ ಸಾಗಿಸುತ್ತೆ ಅಂತ ನೋಡಿ ಕರಗಿದ ಲವಣ ಹೇಳುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸ್ತಿತ್ತು. ಆದರೂ ಮರಳಿನ ಮೇಲೆ ಕಂದು ಪುಡಿ. ಗಾಜು ಒರೆಸಿದರೆ ಮರುದಿನ ಮತ್ತೆ ಅಷ್ಟೇ. ಡಯಾಟಮ್ (ಸಿಲಿಕೇಟ್ ಬಳಸಿ ಬೆಳೆಯುವ ಕಂದು ಪಾಚಿ), ಹೊಸ ಟ್ಯಾಂಕಿನಲ್ಲಿ ಇದ್ದದ್ದೇ, ತಾನಾಗಿ ಹೋಗುತ್ತೆ ಅಂತ ಎಲ್ಲರೂ ಸಮಾಧಾನ ಹೇಳಿದರು. ಎರಡು ತಿಂಗಳಾದರೂ ಹೋಗಲಿಲ್ಲ. ಸುಮ್ನೆ ಒಂದು ಸಿಲಿಕೇಟ್ ಕಿಟ್ ತಂದು ಡಿಐ ನೀರನ್ನೇ ಪರೀಕ್ಷೆ ಮಾಡಿದೆ. ಟ್ಯೂಬು ನೀಲಿಗೆ ತಿರುಗಿತು. ವಿಷಯ ಏನಂದರೆ, ಡಿಐ ರೆಸಿನ್ ಸವೆಯುವಾಗ ಮೊದಲು ಬಿಟ್ಟುಕೊಡುವ ಪದಾರ್ಥಗಳಲ್ಲಿ ಸಿಲಿಕೇಟ್ ಒಂದು. ಅದು ವಿದ್ಯುತ್ತನ್ನು ಹೆಚ್ಚುಕಮ್ಮಿ ಸಾಗಿಸುವುದೇ ಇಲ್ಲ. ಟಿಡಿಎಸ್ ಮೀಟರಿಗೆ ಅದು ಕಾಣಿಸೋದು ಹೇಗೆ? ಸಾಲಿನಲ್ಲಿ ಎರಡನೇ ಡಿಐ ಕಾರ್ಟ್ರಿಡ್ಜ್ ಜೋಡಿಸಿದೆ. ಈಗ ಎರಡರ ನಡುವೆ ಟಿಡಿಎಸ್ 1 ತೋರಿಸಿದ ಕೂಡಲೇ ಮೊದಲನೆಯದನ್ನು ಎಸೆದು, ಎರಡನೆಯದನ್ನು ಅದರ ಜಾಗಕ್ಕೆ ತಂದು, ಹೊಸದನ್ನು ಕೊನೆಗೆ ಹಾಕ್ತೇನೆ. ಮೂರು ವಾರದೊಳಗೆ ಮರಳು ಬೆಳ್ಳಗಾಯಿತು. ಸ್ಕಿಮ್ಮರ್ ಇದ್ದಿದ್ದರೂ ಈ ಕಂದು ಹೋಗುತ್ತಿರಲಿಲ್ಲ, ಇದನ್ನು ಒತ್ತಿ ಹೇಳ್ತೇನೆ. ಆರ್‌ಒದಿಂದ ಒಂದು ಲೀಟರ್ ಒಳ್ಳೆ ನೀರಿಗೆ ಮೂರು-ನಾಲ್ಕು ಲೀಟರ್ ಹೊರಗೆ ಹೋಗುತ್ತೆ. ಅದನ್ನು ಡ್ರಮ್ಮಿಗೆ ಹಿಡಿದು ನೆಲ ಒರೆಸಲು ಇಟ್ಟ ಮೇಲೆ ಮನೆಯಲ್ಲಿ ಗೊಣಗಾಟ ನಿಂತಿತು.

ಉಪ್ಪಿನ ಅಳತೆಯಲ್ಲೂ ಇಂಥದ್ದೇ ಒಂದು ಮೋಸ ಇದೆ. ಅಗ್ಗದ ರಿಫ್ರ್ಯಾಕ್ಟೋಮೀಟರ್‌ಗಳಲ್ಲಿ ಬಹಳಷ್ಟು ಅಡುಗೆ ಉಪ್ಪಿನ ದ್ರಾವಣ ಅಳೆಯಲು ಮಾಡಿದವು, ಸಮುದ್ರದ ನೀರಿಗಲ್ಲ. ಶುದ್ಧ ನೀರು ಹಾಕಿ ಸೊನ್ನೆಗೆ ತಂದರೂ 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ಇರುವಲ್ಲಿ 36ರ ಮೇಲೆ ತೋರಿಸುತ್ತವೆ. 35 ಪಿಪಿಟಿ ಸಮುದ್ರದ ನೀರಿಗೆ ಸಮನಾದ ದ್ರಾವಣದ ಸಣ್ಣ ಬಾಟಲಿ ತಂದು ಅದಕ್ಕೇ ಹೊಂದಿಸಿ. 20 ಲೀಟರ್ ಬಕೆಟ್ಟಿಗೆ ನನ್ನ ಉಪ್ಪು 730 ಗ್ರಾಂ ಆಸುಪಾಸು ಬೇಕಾಗುತ್ತೆ. ನೀರಿಗೆ ಉಪ್ಪು ಹಾಕಬೇಕು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳ ಸೇರುತ್ತೆ.

ಕಲ್ಲು ಪೂರ್ತಿ ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು). ಜೊತೆಗೆ ಪರಿಚಯದವರ ಹಳೇ ಟ್ಯಾಂಕಿನಿಂದ ಮುಷ್ಟಿಯಷ್ಟು ಲೈವ್ ರಾಕ್ (ಬ್ಯಾಕ್ಟೀರಿಯಾ, ಪುಟ್ಟ ಜೀವಿಗಳು ತುಂಬಿದ ಕಲ್ಲು). ಬಾಟಲಿ ಬ್ಯಾಕ್ಟೀರಿಯಾ ನಿಜಕ್ಕೂ ಕೆಲಸ ಮಾಡುತ್ತಾ ಅನ್ನೋ ಜಗಳ ಮುಗಿಯೋದೇ ಇಲ್ಲ ಅಲ್ವಾ? ಹಾಗಾಗಿ ಟ್ಯಾಂಕಿಗೆ ಇಳಿಯುವ ಮೊದಲು ಮೂರು ಬಕೆಟ್ ಸಾಲಾಗಿ ಇಟ್ಟೆ. ಮೂರಕ್ಕೂ ಒಂದೇ ಉಪ್ಪುನೀರು, ಒಂದೇ ತರದ ಕಲ್ಲಿನ ಚೂರು, ಪುಟ್ಟ ಪಂಪು, 2 ಪಿಪಿಎಂ ಅಮೋನಿಯಾ. ಒಂದಕ್ಕೆ ಬಾಟಲಿ ಬ್ಯಾಕ್ಟೀರಿಯಾ, ಒಂದಕ್ಕೆ ಲೈವ್ ರಾಕ್ ಚೂರು, ಇನ್ನೊಂದಕ್ಕೆ ಏನೂ ಇಲ್ಲ. ಬಾಟಲಿಯದು ಎರಡು ವಾರದ ಹೊತ್ತಿಗೆ ಅಮೋನಿಯಾವನ್ನು ಒಂದೇ ದಿನದಲ್ಲಿ ನುಂಗುತ್ತಿತ್ತು. ಲೈವ್ ರಾಕಿನದು ಅದರ ಹಿಂದೆಯೇ ಬಂತು. ಏನೂ ಹಾಕದ ಬಕೆಟ್ ಒಂದೂವರೆ ತಿಂಗಳು ತಗೊಂಡಿತು. ಅಂದರೆ ಬಾಟಲಿ ಸುಳ್ಳಲ್ಲ. ಆದರೆ ಲೈವ್ ರಾಕಿನ ಬಕೆಟ್ಟಿನಲ್ಲಿ ರಾತ್ರಿ ಟಾರ್ಚ್ ಬಿಟ್ಟರೆ ಗೋಡೆ ತುಂಬ ಬಿಳಿ ಚುಕ್ಕೆಗಳು ಓಡಾಡ್ತಿದ್ದವು, ಕೋಪಿಪಾಡ್ ಅನ್ನೋ ಪುಟ್ಟ ಜೀವಿಗಳು. ಬಾಟಲಿಯಲ್ಲಿ ಅದು ಬರಲ್ಲ. ಐಪ್ಟೇಸಿಯಾ (ಕೋರಲ್‌ಗಳನ್ನು ಕುಟುಕುವ, ಕಳೆಯಂತೆ ಹಬ್ಬುವ ಜೀವಿ) ಕೂಡ ಅದೇ ಕಲ್ಲಿನ ಜೊತೆ ಬಂತು, ಅದು ಬೇರೆ ಮಾತು. ಪಂಪ್ ನಿಲ್ಲಿಸಿ, ಸುಣ್ಣವನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಲ್ಲಿ ಅದರ ಬಾಯಿಗೇ ತುಂಬಿದೆ. ಒಂದು ಸಲಕ್ಕೆ ಎರಡಕ್ಕಿಂತ ಜಾಸ್ತಿ ಮುಟ್ಟಲಿಲ್ಲ, ಪಿಎಚ್ ಜಿಗಿಯುತ್ತೆ ಅಂತ.

ಸೈಕ್ಲಿಂಗ್ ಹೊತ್ತಿನಲ್ಲಿ, ಅಮೋನಿಯಾ ನೈಟ್ರೇಟ್ ಆಗುವ ದಾರಿಯಲ್ಲಿ ಬರುವ ನೈಟ್ರೈಟ್ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಸಿಹಿನೀರಿನ ಮೀನು ಸಾಕಿದವರಿಗೆ ನೈಟ್ರೈಟ್ ಅಂದರೆ ಭಯ. ಸಮುದ್ರದ ನೀರಿನಲ್ಲಿ ಕ್ಲೋರೈಡ್ ಎಷ್ಟಿರುತ್ತೆ ಅಂದರೆ ನೈಟ್ರೈಟ್ ಮೀನಿನ ಕಿವಿರಿನೊಳಗೆ ನುಸುಳೋದೇ ಕಷ್ಟ. ಇನ್ನೊಂದು, ನೈಟ್ರೈಟ್ ಇದ್ದಾಗ ನೈಟ್ರೇಟ್ ಕಿಟ್ ಸುಳ್ಳು ಹೇಳುತ್ತೆ. ಕೆಂಪು ಕೆಂಪಾಗಿ ಐವತ್ತು, ನೂರು ತೋರಿಸುತ್ತೆ. ಅದನ್ನು ನೋಡಿ ಗಾಬರಿಯಾಗಿ ನೀರು ಬದಲಿಸಿ ಉಪ್ಪು ದಂಡ ಮಾಡಿದವರನ್ನು ಕಂಡಿದ್ದೇನೆ.

ಈ ಇಡೀ ಹೊತ್ತು ಲೈಟ್ ಹಚ್ಚಲೇ ಇಲ್ಲ. ಸೈಕಲ್ ಮುಗಿದ ಮೇಲೂ ಒಂದು ತಿಂಗಳು ಕತ್ತಲೆಯಲ್ಲೇ ಇಟ್ಟೆ. ಬ್ಯಾಕ್ಟೀರಿಯಾಕ್ಕೆ ಬೆಳಕು ಬೇಡ, ಪಾಚಿಗೆ ಬೇಕು. ಮತ್ತೆ ಯಾಕೆ ಹಚ್ಚಬೇಕು? "ಇಷ್ಟು ದುಡ್ಡು ಸುರಿದು ಕತ್ತಲೆ ನೋಡ್ತಾ ಕೂರ್ತೀರಲ್ಲ" ಅಂತ ಮನೆಯವರು ಹಂಗಿಸಿದರು. ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರ ಹಾಕ್ತಿದ್ದೆ, ಬ್ಯಾಕ್ಟೀರಿಯಾ ಉಪವಾಸ ಬೀಳದಿರಲಿ ಅಂತ. ಲೈಟ್ ಹಚ್ಚಿದ ಮೇಲೆ ಹಸಿರು ಕೂದಲು ಪಾಚಿ ಮೂಲೆಯಲ್ಲಿ ಒಂದು ಸಲ ಕಾಣಿಸಿತು, ಬಸವನಹುಳುಗಳು ಮೇದು ಮುಗಿಸಿದವು. ಬೆಳಕಿನ ಗಂಟೆ ಮತ್ತು ಶೇಕಡಾವಾರು ಹೇಗೆ ಏರಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಕೇಳಿದವರಿಗೆಲ್ಲ ಹೇಳಿದರೆ ನನಗೇನು ಉಳೀತು?

ಸ್ಕಿಮ್ಮರಿನ ಕೆಲಸವನ್ನು ಈಗ ಮೂರು ವಸ್ತು ಹಂಚಿಕೊಂಡಿವೆ. ವಾರಕ್ಕೆ 10 ಲೀಟರ್ ನೀರು ಬದಲಾವಣೆ, ಅದೊಂದು. ಹಿಂದೆ ನೇತುಹಾಕಿದ ಫಿಲ್ಟರಿನ ಡಬ್ಬಿಯಲ್ಲಿ ಸ್ಪಂಜು ತೆಗೆದು ಕೀಟೋ ತುಂಬಿದ್ದೇನೆ, ಅದಕ್ಕೆ ರಾತ್ರಿ ಪಾಳಿಯ ಪುಟ್ಟ ಲೈಟ್. ಮೂರನೆಯದು ನೀರಿನ ಮೇಲ್ಮೈ ಕಲಕುವ ವೇವ್‌ಮೇಕರ್. ಸ್ಕಿಮ್ಮರ್ ಗಾಳಿಯನ್ನೂ ಬೆರೆಸುತ್ತೆ ಅನ್ನೋದನ್ನು ಅದನ್ನು ಬಿಟ್ಟವರು ಮರೀತಾರೆ. ನನಗೂ ಮುಂಜಾನೆ ಪಿಎಚ್ 7.8ಕ್ಕೆ ಇಳೀತಿತ್ತು. ಪಿಎಚ್ ಏರಿಸುವ ಬಫರ್ ಪುಡಿ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿದೆ. ಟ್ಯಾಂಕಿನ ನೀರು ಒಂದು ಲೋಟ ಮನೆಯ ಹೊರಗೆ ಇಟ್ಟು, ಏರ್‌ಸ್ಟೋನ್ ಹಾಕಿ ಒಂದು ಗಂಟೆ ಗಾಳಿ ಬಿಟ್ಟೆ. ಪಿಎಚ್ 8.2ರ ಹತ್ತಿರ ಬಂತು. ಅಂದರೆ ನೀರಿನದ್ದಲ್ಲ, ಮುಚ್ಚಿದ ಕೋಣೆಯ ಇಂಗಾಲದ ಡೈಆಕ್ಸೈಡಿನ ಕಾಟ. ಕಿಟಕಿ ಒಂದಿಷ್ಟು ತೆರೆದಿಟ್ಟೆ, ಬಫರ್ ದುಡ್ಡು ಉಳಿಯಿತು.

ಕೀಟೋ ಕಥೆ ಅಷ್ಟು ಸುಲಭವಾಗಿರಲಿಲ್ಲ. ಒಂದು ಹಂತದಲ್ಲಿ ನೀರನ್ನು ಎಷ್ಟು ಶುದ್ಧ ಮಾಡಬಹುದು ನೋಡೋಣ ಅಂತ ಕೀಟೋ ಲೈಟನ್ನು ದಿನಪೂರ್ತಿ ಬಿಟ್ಟೆ. ನೈಟ್ರೇಟೂ ಸೊನ್ನೆ, ಫಾಸ್ಫೇಟೂ ಸೊನ್ನೆ. ಕೀಟೋ ತಾನೇ ಬೆಳ್ಳಗಾಗಿ ಪುಡಿಯಾಯಿತು. ಆಮೇಲೆ ಕಲ್ಲಿನ ಮೇಲೆ ಕಂದು ಲೋಳೆ ಬಂತು, ಸಿಂಬಳದಂತೆ ಎಳೆ ಎಳೆ. ಪ್ರತಿ ಎಳೆಯ ತುದಿಯಲ್ಲಿ ಒಂದು ಗಾಳಿಗುಳ್ಳೆ. ಬೆಳಿಗ್ಗೆ ಕಾಣಲ್ಲ, ಮಧ್ಯಾಹ್ನಕ್ಕೆ ತುಂಬುತ್ತೆ. ಡೈನೋಫ್ಲಾಜೆಲೇಟ್, ವಿಷ ಬಿಡಬಲ್ಲ ಸೂಕ್ಷ್ಮಜೀವಿ. ಒಂದಷ್ಟು ಬಸವನಹುಳು ಸತ್ತವು, ಹೊಸ ಝೋವಾ ಕೋರಲ್‌ಗಳು ಹೋದವು, ಅದರಲ್ಲಿ ಕೈ ಸುಟ್ಟಿತು. ಶುದ್ಧ ಮಾಡಿದಷ್ಟೂ ಅದು ಹೆಚ್ಚುತ್ತೆ, ಬೇರೆ ಪಾಚಿ, ಬ್ಯಾಕ್ಟೀರಿಯಾಗಳ ಪೈಪೋಟಿ ಇರಲ್ಲ ನೋಡಿ. ಹಾಗಾಗಿ ನೀರು ಬದಲಾವಣೆ ನಿಲ್ಲಿಸಿದೆ, ಆಹಾರ ಜಾಸ್ತಿ ಮಾಡಿದೆ, ಸೋಡಿಯಂ ನೈಟ್ರೇಟ್ ಅಳೆದು ಹಾಕಿ ನೈಟ್ರೇಟನ್ನು 5ಕ್ಕೆ ತಂದೆ. ಕೊಳಕು ಮಾಡಿ ಗೆಲ್ಲೋದು ಅಂದರೆ ಯಾರೂ ನಂಬಲಿಲ್ಲ. ಒಂದು ತಿಂಗಳ ಹತ್ತಿರ ಹಿಡಿಯಿತು, ಹೋಯಿತು. ಆ ಹೊತ್ತಿಗೆ ಕೊಡ್ತಿದ್ದ ಆಹಾರದ ಮಿಶ್ರಣ ಈಗಲೂ ಮುಂದುವರಿದಿದೆ. ಅದರ ಪಾಕವೂ ಗುಟ್ಟು.

ಆಟೋ ಟಾಪ್ ಆಫ್ (ಆವಿಯಾದಷ್ಟು ಸಿಹಿನೀರನ್ನು ತಾನಾಗಿ ತುಂಬುವ ವ್ಯವಸ್ಥೆ) ಇನ್ನೊಂದು ತಮಾಷೆ. ಫ್ಯಾನ್ ಹಾಕಿದರೆ ನೀರು ಎರಡು-ಮೂರು ಡಿಗ್ರಿ ತಂಪಾಗುತ್ತೆ, ಚಿಲ್ಲರ್ ಬೇಡ. ಆದರೆ ದಿನಕ್ಕೆ ಒಂದೂವರೆ-ಎರಡು ಲೀಟರ್ ಆವಿಯಾಗುತ್ತೆ. ಉಪ್ಪು ಒಳಗೇ ಉಳಿಯುತ್ತೆ. ಹಾಗಾಗಿ ನೀರಿನ ಜೊತೆ ಮೇಲೆದ್ದು ಪಂಪ್ ನಿಲ್ಲಿಸುವ ಫ್ಲೋಟ್ ಸ್ವಿಚ್ ಇಟ್ಟೆ. ಒಂದು ಬೆಳಿಗ್ಗೆ ನೋಡಿದರೆ ನೀರು ಅಂಚಿನವರೆಗೆ ನಿಂತಿದೆ, ಉಪ್ಪು 32ಕ್ಕೆ ಇಳಿದಿದೆ. ಫ್ಲೋಟಿನ ಮೇಲೆ ಒಂದು ದಪ್ಪ ಬಸವನಹುಳು ಆರಾಮಾಗಿ ಕೂತಿತ್ತು. ಅದರ ಭಾರಕ್ಕೆ ಫ್ಲೋಟ್ ಮೇಲೇಳಲೇ ಇಲ್ಲ, ಪಂಪ್ ರಾತ್ರಿಯಿಡೀ ಸಿಹಿನೀರು ತುಂಬಿದೆ. ಟಾಪ್ ಆಫ್ ಡ್ರಮ್ಮಿನಲ್ಲಿ 10 ಲೀಟರ್ ಮಾತ್ರ ಇದ್ದದ್ದಕ್ಕೆ ಬಚಾವಾದೆ. ಈಗಲೂ ಆ ಡ್ರಮ್ಮನ್ನು ದೊಡ್ಡದು ಮಾಡಿಲ್ಲ. ಫ್ಲೋಟಿನ ಸುತ್ತ ತೂತು ಕೊರೆದ ಪಿವಿಸಿ ಪೈಪಿನ ತುಂಡು ಹಾಕಿದ್ದೇನೆ. ಉಪ್ಪನ್ನು ಎರಡು-ಮೂರು ದಿನ ತಗೊಂಡು ನಿಧಾನಕ್ಕೆ ಮೇಲೆ ತಂದೆ.

ಮೀನಿನ ಬಗ್ಗೆ ಹೇಳೋದು ಕಡಿಮೆ. ಒಂದು ಜೋಡಿ ಆಸಿಲಾರಿಸ್ ಕ್ಲೌನ್, ಒಂದು ವಾಚ್‌ಮನ್ ಗೋಬಿ ಮೀನು, ಅದರ ಜೊತೆಗಾರ ಪಿಸ್ತೂಲ್ ಸೀಗಡಿ. ಅಷ್ಟೇ, ಇನ್ನು ಸೇರಿಸಲ್ಲ. ಕ್ಲೌನ್‌ಗಳು ತೊಟ್ಟಿಯಲ್ಲಿ ಹುಟ್ಟಿ ಬೆಳೆದವು. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿದೆ, ದೊಡ್ಡದೇ ಹೆಣ್ಣಾಗುತ್ತೆ. ಸಮುದ್ರದಿಂದ ಹಿಡಿದ ಅಗ್ಗದ ಜೋಡಿ ಮೊದಲು ತಂದಿದ್ದೆ, ಕ್ವಾರಂಟೈನ್ ತೊಟ್ಟಿಯಲ್ಲೇ ಹೋದವು. ಆ ಖಾಲಿ ತೊಟ್ಟಿ, ಒಂದೆರಡು ಪೈಪ್ ತುಂಡು, ಸ್ಪಂಜ್ ಫಿಲ್ಟರ್ ಇಲ್ಲದಿದ್ದರೆ ಆ ರೋಗ ಮುಖ್ಯ ಟ್ಯಾಂಕಿಗೇ ಬರ್ತಿತ್ತು. ಬಿಳಿ ಚುಕ್ಕೆ ರೋಗ ಒಮ್ಮೆ ಒಳಗೆ ಹೊಕ್ಕರೆ ಮೀನುಗಳನ್ನೆಲ್ಲ ತೆಗೆದು ಎರಡು ತಿಂಗಳ ಮೇಲೆ ಖಾಲಿ ಬಿಡಬೇಕು. ತಾಮ್ರದ ಔಷಧಿ ಅಲ್ಲಿ ಹಾಕೋ ಹಾಗಿಲ್ಲ, ಸೀಗಡಿ, ಹುಳು, ಕೋರಲ್ ಎಲ್ಲ ಸಾಯ್ತವೆ.

ಈಗ ಕೈಯಲ್ಲಿರೋದು ಸುಣ್ಣದ ತಿಳಿನೀರಿನ ಪ್ರಯೋಗ. ಹ್ಯಾಮರ್ ಬೆಳೆಯೋಕೆ ಶುರುವಾದ ಮೇಲೆ ಆಲ್ಕಲಿನಿಟಿ (ಕೋರಲ್ ತನ್ನ ಗಟ್ಟಿ ಕವಚಕ್ಕೆ ಬಳಸುವ ಕಾರ್ಬೊನೇಟ್‌ಗಳ ಅಳತೆ, ಡಿಕೆಎಚ್ ಅದರ ಮಾನ) ವಾರಕ್ಕೆ ಒಂದು ಡಿಕೆಎಚ್‌ಗಿಂತ ಜಾಸ್ತಿ ಇಳೀತಿದೆ. ನೀರು ಬದಲಾವಣೆ ಸಾಕಾಗ್ತಿಲ್ಲ. ಟಾಪ್ ಆಫ್ ನೀರಿಗೇ ಒಂದಿಷ್ಟು ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೆರೆಸಿ, ತಳ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ರಾತ್ರಿ ಹೊತ್ತು ತೊಟ್ಟಿಕ್ಕಿಸ್ತೇನೆ. ಮುಂಜಾನೆಯ ಪಿಎಚ್ ಬೀಳೋದೂ ಕಡಿಮೆಯಾಗಿದೆ. ಆಲ್ಕಲಿನಿಟಿ 8.5ರಲ್ಲಿ, ಕ್ಯಾಲ್ಸಿಯಂ 420 ಪಿಪಿಎಂನಲ್ಲಿ ನಿಂತಿದೆ. ಫ್ಲೋಟ್ ಮತ್ತೆ ಕೈಕೊಟ್ಟರೆ ಈ ಸಲ ಬರೀ ಸಿಹಿನೀರಲ್ಲ, ಸುಣ್ಣದ ನೀರೇ ಒಳಗೆ ಸುರಿಯುತ್ತೆ. ಅದಕ್ಕೇ ಪಂಪಿಗೆ ಟೈಮರ್ ಹಾಕಿದ್ದೇನೆ, ಗಂಟೆಗೆ ಒಂದು ನಿಮಿಷಕ್ಕಿಂತ ಹೆಚ್ಚು ಓಡಲ್ಲ. ತೊಂದರೆ ಏನಂದರೆ, ಎಷ್ಟು ನೀರು ಆವಿಯಾಗುತ್ತೋ ಅಷ್ಟೇ ಸುಣ್ಣ ಒಳಗೆ ಹೋಗೋಕೆ ಸಾಧ್ಯ. ಹ್ಯಾಮರ್ ಇನ್ನೂ ಬೆಳೆದರೆ ಇದು ಸಾಲದೇ ಹೋಗಬಹುದು. ಆಗ ಟೂ-ಪಾರ್ಟ್ (ಕ್ಯಾಲ್ಸಿಯಂ ಒಂದು, ಆಲ್ಕಲಿನಿಟಿ ಒಂದು ಅಂತ ಎರಡು ದ್ರಾವಣ) ಶುರು ಮಾಡಬೇಕು. ಅದಕ್ಕೆ ಡೋಸಿಂಗ್ ಪಂಪ್ ಕೊಳ್ಳೋದಾ, ಸಿರಿಂಜಿನಲ್ಲೇ ಸಾಗಿಸೋದಾ ಅಂತ ಲೆಕ್ಕ ಹಾಕ್ತಾ ಇದ್ದೇನೆ.