ಬೋಗಿಯಾದ ಮೇಲೆ ಕಲಿತ ತಂಬೋಲಾ

"ವೈನಿ, ನಿಮ್ಮದು ಬೋಗಿ ಆತ್ರಿ."

ಹಾಗೆ ಅಂದಾಗ ನನಗೆ ನೆನಪಾಗಿದ್ದು ರೈಲು. ಕಲಬುರಗಿಯವರಿಗೆ ಬೋಗಿ ಅಂದರೆ ಸ್ಟೇಷನ್ನು, ಸೊಲ್ಲಾಪುರ, ಹೈದರಾಬಾದು, ಜನರಲ್ ಡಬ್ಬಿ. ಸೇಡಂ ರಸ್ತೆ ಕಡೆಯ ಕಾಲೊನಿಗೆ ನಾವು ಬಂದು ಆಗಿನ್ನೂ ಎರಡೇ ತಿಂಗಳಾಗಿತ್ತು. ಪಕ್ಕದ ಮನೆಯವರು ಒತ್ತಾಯ ಮಾಡಿ ಕಿಟ್ಟಿ ಪಾರ್ಟಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ತಂಬೋಲಾ ನಡೆದಿತ್ತು. ಒಬ್ಬರು ಚೀಲದಿಂದ ನಂಬರಿನ ಬಿಲ್ಲೆ ತೆಗೆದು ಕರೆಯುತ್ತಾರೆ, ಆ ನಂಬರು ನಮ್ಮ ಚೀಟಿಯಲ್ಲಿದ್ದರೆ ಹೊಡೆದುಕೊಳ್ಳಬೇಕು, ಬಹುಮಾನಕ್ಕೆ ಬೇಕಾದಷ್ಟು ಹೊಡೆದಾದರೆ ಆ ಬಹುಮಾನದ ಹೆಸರು ಕೂಗಬೇಕು. ಕೈಯಲ್ಲಿ ಒಂದು ಚೀಟಿ, ಒಂದು ಪೆನ್ನು. ಸುತ್ತ ಮೂವತ್ತು ಹೆಂಗಸರು ತಲೆ ಬಗ್ಗಿಸಿ ಪರೀಕ್ಷೆ ಬರೆಯುವವರ ಹಾಗೆ ಕೂತಿದ್ದರು. ನಾನು "ಕಾರ್ನರ್" ಅಂತ ಕೂಗಿದ್ದೆ. ಚೀಟಿ ನೋಡಿ ಅವರು ಬೋಗಿ ಅಂದರು. ಅಂದರೆ ತಪ್ಪಾಗಿ ಕೂಗಿದ್ದೀರಿ, ಆ ಆಟಕ್ಕೆ ನಿಮ್ಮ ಟಿಕೆಟ್ ಮುಗೀತು ಅಂತ ಅರ್ಥ.

ನನ್ನ ತಪ್ಪು ಏನಂದರೆ, ಚೀಟಿಯ ನಾಲ್ಕು ಮೂಲೆಯ ಮನೆಗಳನ್ನೇ ಕಾರ್ನರ್ ಅಂದುಕೊಂಡಿದ್ದೆ. ಅದರಲ್ಲಿ ಎರಡು ಖಾಲಿ. ಉಳಿದ ಎರಡನ್ನು ಹೊಡೆದಾಗಿತ್ತು. ಖಾಲಿ ಮನೆ ಬಿಟ್ಟಿ ಅಂದುಕೊಂಡು ಕೂಗಿಬಿಟ್ಟೆ. ಆದರೆ ಕಾರ್ನರ್ ಅನ್ನುವುದು ಮೂಲೆಯ ಮನೆಗಲ್ಲ, ಸಾಲಿನ ಕೊನೆಯ ನಂಬರಿಗೆ. ಮೇಲಿನ ಸಾಲಿನ ಮೊದಲ ಮತ್ತು ಕೊನೆಯ ನಂಬರು, ಕೆಳಗಿನ ಸಾಲಿನ ಮೊದಲ ಮತ್ತು ಕೊನೆಯ ನಂಬರು. ಅವು ಯಾವ ಮನೆಯಲ್ಲಾದರೂ ಇರಲಿ.

ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ? ಯಾರೂ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಒಂದು ವರ್ಷದ ನಂತರ ನಂಬರ್ ಕರೆಯುವ ಕೆಲಸ ನನಗೇ ಬಂತು. ಅಲ್ಲಿಯ ತನಕ ಕರೆಯುತ್ತಿದ್ದವರು ಮಗನ ಹತ್ತಿರ ಪುಣೆಗೆ ಹೋದರು. ಹೋಗುವಾಗ 1ರಿಂದ 90ರ ತನಕ ಮನೆಗಳಿರುವ ಬೋರ್ಡು, ಬಿಲ್ಲೆಗಳ ಚೀಲ ನನ್ನ ಕೈಗಿಟ್ಟು, "ಇನ್ನ ಮ್ಯಾಲ ನೀವೇ ನೋಡ್ಕೋರಿ" ಅಂದರು. ನಾನು ಮಾಡಿದ ಮೊದಲ ಕೆಲಸ, ಪ್ರತಿ ಸಲ ಆಟಕ್ಕೆ ಮುಂಚೆ ಐದು ನಿಮಿಷ ಟಿಕೆಟ್ ಎತ್ತಿ ಹಿಡಿದು ತೋರಿಸುವುದು. ಹಳಬರು ಗೊಣಗುತ್ತಾರೆ. ಗೊಣಗಲಿ.

ನಾನು ತೋರಿಸುವುದು ಇಷ್ಟು. ಟಿಕೆಟ್ಟಿನಲ್ಲಿ ಅಡ್ಡ ಮೂರು ಸಾಲು, ಉದ್ದ ಒಂಬತ್ತು ಸಾಲು, ಒಟ್ಟು 27 ಮನೆ. ಅಡ್ಡ ಸಾಲಿಗೆ ಐದೇ ನಂಬರು, ಹಾಗಾಗಿ ಒಂದು ಟಿಕೆಟ್ಟಿಗೆ 15. ಉಳಿದ 12 ಖಾಲಿ, ಅವಕ್ಕೆ ಏನೂ ಬೆಲೆ ಇಲ್ಲ (ಇದನ್ನು ಸ್ವಲ್ಪ ಜೋರಾಗಿ ಹೇಳುತ್ತೇನೆ). ಎಡಗಡೆಯ ಮೊದಲ ಉದ್ದ ಸಾಲಿನಲ್ಲಿ 1ರಿಂದ 9, ಆಮೇಲೆ 10ರಿಂದ 19, ಹೀಗೇ ಹೋಗಿ ಕೊನೆಯದರಲ್ಲಿ 80ರಿಂದ 90. ಇದು ತಿಳಿದರೆ ಹುಡುಕುವುದು ಸುಲಭ. 43 ಅಂದ ಕೂಡಲೇ ಕಣ್ಣು ಐದನೇ ಸಾಲಿಗೆ ಹೋಗಬೇಕು. ಹೊಸಬರು ಇಡೀ ಚೀಟಿ ಹುಡುಕುತ್ತಾರೆ, ಅಷ್ಟರಲ್ಲಿ ಮುಂದಿನ ನಂಬರು ಬಂದಿರುತ್ತದೆ.

ಬಹುಮಾನದ ಹೆಸರುಗಳು ಇಂಗ್ಲಿಷಿನವಾದರೂ ಎಲ್ಲರ ಬಾಯಲ್ಲೂ ಸಲೀಸು. ಮೊದಲು ಯಾವುದಾದರೂ ಐದು ನಂಬರು ಹೊಡೆದವರಿಗೆ ಜಲ್ದಿ ಫೈವ್. ಜಲ್ದಿ ನಮ್ಮ ಕಡೆ ದಿನಾ ಆಡುವ ಮಾತೇ, ಅದಕ್ಕೆ ಅರ್ಥ ಹೇಳುವ ಕಷ್ಟವಿಲ್ಲ. ಆಮೇಲೆ ಟಾಪ್ ಲೈನ್, ಮಿಡಲ್ ಲೈನ್, ಬಾಟಮ್ ಲೈನ್, ಕಾರ್ನರ್. ಹದಿನೈದೂ ಆದರೆ ಫುಲ್ ಹೌಸ್. ಅದು ಹೋದ ಮೇಲೂ ಆಟ ಮುಂದುವರಿಸಿ ಸೆಕೆಂಡ್ ಹೌಸ್ ಕೊಡುವುದು ಉಂಟು. ಕೊಡುತ್ತೇವೋ ಇಲ್ಲವೋ ಅಂತ ಮೊದಲೇ ಹೇಳಬೇಕು. ಇಲ್ಲದಿದ್ದರೆ ಫುಲ್ ಹೌಸ್ ಆದ ಕೂಡಲೇ ಅರ್ಧ ಜನ ಚೀಟಿ ಹರಿದು ಹಾಕಿರುತ್ತಾರೆ.

ಕ್ಲೇಮಿನ, ಅಂದರೆ ಬಹುಮಾನ ನನ್ನದು ಅಂತ ಕೂಗುವುದರ, ನಿಯಮ ಇದಕ್ಕಿಂತ ದೊಡ್ಡದು. ಯಾವ ನಂಬರಿಗೆ ನಿಮ್ಮದು ಪೂರ್ತಿಯಾಯಿತೋ ಆ ನಂಬರು ಕರೆದಾಗಲೇ ಕೂಗಬೇಕು. ಮುಂದಿನ ನಂಬರು ಬಾಯಿಂದ ಬಂತು ಅಂದರೆ ಮುಗೀತು. "ನಾ ಆಗಳೇ ಅಂದಿದ್ದೆ, ನಿಮಗ ಕೇಳಿಲ್ಲ" ಅನ್ನುವ ಜಗಳ ಪ್ರತಿ ತಿಂಗಳೂ ಒಂದಾದರೂ ಇರುತ್ತಿತ್ತು. ಈಗ ಮೆಲ್ಲಗೆ ಹೇಳಿದರೆ ನಡೆಯುವುದಿಲ್ಲ, ಕೈ ಎತ್ತಲೇಬೇಕು. ನಾನೂ ನಂಬರಿಗೂ ನಂಬರಿಗೂ ನಡುವೆ ಮನಸ್ಸಿನಲ್ಲೇ ಐದು ಎಣಿಸುತ್ತೇನೆ. ಮೊದಮೊದಲು ಭಾರಿ ಅವಸರ ಮಾಡುತ್ತಿದ್ದೆ. ಅರ್ಧ ಜಗಳಕ್ಕೆ ನನ್ನ ಅವಸರವೇ ಕಾರಣ ಅಂತ ಆಮೇಲೆ ಗೊತ್ತಾಯಿತು.

ಇಬ್ಬರು ಒಂದೇ ನಂಬರಿಗೆ ಕೂಗಿದರೆ ಹಂಚಬೇಕು ಅನ್ನುವುದು ರೂಢಿ. ಆದರೆ ನಾವು ದುಡ್ಡಿಟ್ಟು ಆಡುವುದಿಲ್ಲ. ತಂಬೋಲಾ ಪೂರ್ತಿ ಅದೃಷ್ಟದ ಆಟ. ದುಡ್ಡು ಕಟ್ಟಿದರೆ ಅದು ಜೂಜೇ. ತಿಂಡಿಗೆ ಅಂತ ಎಲ್ಲರೂ ಕೊಟ್ಟಿದ್ದರಲ್ಲಿ ಉಳಿದದ್ದಕ್ಕೆ ಸೂಪರ್ ಮಾರ್ಕೆಟ್ಟಿಗೆ ಹೋಗಿ ಸಾಮಾನು ತರುತ್ತೇವೆ. ಒಂದು ಸ್ಟೀಲ್ ಡಬ್ಬಿಯನ್ನು ಇಬ್ಬರಿಗೆ ಹೇಗೆ ಹಂಚುವುದು? ಒಬ್ಬರು ಡಬ್ಬಿ, ಒಬ್ಬರು ಮುಚ್ಚಳ ತಗೊಳ್ರಿ ಅಂತ ಯಾರೋ ಅಂದರು. ಕೊನೆಗೆ ಇಬ್ಬರೂ ಚೀಲದಿಂದ ಒಂದೊಂದು ಬಿಲ್ಲೆ ತೆಗೆಯುವುದು, ದೊಡ್ಡ ನಂಬರು ಬಂದವರಿಗೆ ಡಬ್ಬಿ ಅಂತಾಯಿತು. ಈಗ ಅದೇ ನಮ್ಮ ಕಾಯಂ ನಿಯಮ. ಒಂದು ಸಲ ನಾನು ಜಾಣತನ ಮಾಡಿ ಬಹುಮಾನಕ್ಕೆ ಒಂದೊಂದು ಕಿಲೋ ತೊಗರಿಬೇಳೆ ಇಟ್ಟಿದ್ದೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂದಿದೆ ಅಂತ ಭಾಷಣ ಬೇರೆ. ಎಲ್ಲರ ಮನೆಯಲ್ಲೂ ಹೊಲದಿಂದ ಬಂದ ಬೇಳೆ ಚೀಲಗಟ್ಟಲೆ ಇತ್ತು. ಗೆದ್ದವರೂ ಮರೆತು ಹೋದರು.

ತೊಗರಿಯದ್ದೇ ಇನ್ನೊಂದು ಕತೆ. ಟಿಕೆಟ್ ಮತ್ತೆ ಮತ್ತೆ ಬಳಸಬಹುದು ಅಂತ ಪೆನ್ನಿನ ಬದಲು ಕಾಳು ಇಟ್ಟು ಆಡಿಸಿದೆ. ಮೇ ತಿಂಗಳು. ನಮ್ಮ ಊರಿನ ಮೇ ಗೊತ್ತಲ್ವಾ, ಫ್ಯಾನು ಕೂಲರು ಎರಡೂ ಜೋರಾಗಿ ತಿರುಗುತ್ತಿದ್ದವು. ಒಬ್ಬರ ಟಿಕೆಟ್ ಹಾರಿತು, ಹಿಡಿಯಲು ಹೋದ ಇನ್ನೊಬ್ಬರ ಸೆರಗಿಗೆ ಮೂರು ಜನರ ಕಾಳು ಉರುಳಿ ಹೋದವು. ಯಾರ ಯಾವ ನಂಬರಿಗೆ ಕಾಳಿತ್ತು ಅಂತ ದೇವರಿಗೇ ಗೊತ್ತು. ಆಟ ಮೊದಲಿನಿಂದ. ಅಂದಿನಿಂದ ಪೆನ್ನು, ಕೆಳಗೆ ಒಂದು ದಪ್ಪ ರಟ್ಟು. ಹೊಡೆಯುವಾಗ ನಂಬರು ಕಾಣುವ ಹಾಗೆ ಒಂದೇ ಗೆರೆ. ಪೂರ್ತಿ ಗೀಚಿದರೆ ಪರೀಕ್ಷೆ ಮಾಡುವಾಗ ನನಗೇ ಓದಲಿಕ್ಕೆ ಬರುವುದಿಲ್ಲ.

ಚೀಲದಲ್ಲಿ ಕೈ ಹಾಕಿ ಬಿಲ್ಲೆ ತೆಗೆಯುವುದರಲ್ಲಿ ಏನು ತಪ್ಪಾಗಲು ಸಾಧ್ಯ ಅಂದುಕೊಂಡಿದ್ದೆ. ಎರಡನೇ ತಿಂಗಳೇ 68 ಅನ್ನು ತಲೆಕೆಳಗೆ ಹಿಡಿದು 89 ಅಂದೆ. 6 ಮತ್ತು 9, 61 ಮತ್ತು 19, 81 ಮತ್ತು 18, ಇವೆಲ್ಲ ಹೀಗೇ ಮೋಸ ಮಾಡುತ್ತವೆ. ಈಗ ಎಲ್ಲದಕ್ಕೂ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಕರೆದ ಬಿಲ್ಲೆಯನ್ನು ಆ ಕ್ಷಣವೇ ಬೋರ್ಡಿನ ಮೇಲೆ ಇಡುವುದನ್ನೂ ಕಲಿತೆ. ಕ್ಲೇಮ್ ಬಂದಾಗ ಚೀಟಿಯ ಒಂದೊಂದು ನಂಬರನ್ನೂ ಬೋರ್ಡಿಗೆ ಹೋಲಿಸಬೇಕು. ಬೋರ್ಡಿನಲ್ಲಿ ಇಲ್ಲದ್ದು ಕರೆದಿಲ್ಲ. ಅಲ್ಲಿಗೆ ಮಾತು ಮುಗೀತು.

ಇನ್ನೊಂದು ತಿಂಗಳು ಒಂದು ನಂಬರು ಬರಲೇ ಇಲ್ಲ. ನಮ್ಮಲ್ಲಿ ಸುಮಾರು 50 ಟಿಕೆಟ್ ಆಡುತ್ತವೆ. ಸಾಮಾನ್ಯವಾಗಿ 70ರ ಆಸುಪಾಸು ನಂಬರು ಕರೆಯುವಷ್ಟರಲ್ಲಿ ಯಾರಾದರೂ ಕೂಗುತ್ತಾರೆ. ಅವತ್ತು ಇಬ್ಬರು ಒಂದೇ ನಂಬರಿಗೆ ಕಾಯುತ್ತಿದ್ದರು, 57. ಅಷ್ಟರಲ್ಲಿ ಮೂರನೆಯವರು ಕೂಗಿ ಫುಲ್ ಹೌಸ್ ಒಯ್ದರು. ಆದರೂ ಆ ಇಬ್ಬರು ಬಿಡಲಿಲ್ಲ, ತಮ್ಮ ನಂಬರು ಬರುವ ತನಕ ಕರೀರಿ ಅಂದರು. 80 ಆಯಿತು, 85 ಆಯಿತು. ಚೀಲ ಖಾಲಿಯಾಯಿತು, 57 ಇಲ್ಲ. ಹಿಂದಿನ ಸಲ ಆಡಿದ ಮನೆಯ ದಿವಾನದ ಕೆಳಗೆ ಬಿದ್ದಿತ್ತು ಅಂತ ಹುಡುಕಿದ ಮೇಲೆ ಸಿಕ್ಕಿತು. ಆಟಕ್ಕೆ ಮುಂಚೆ 90 ಬಿಲ್ಲೆ ಎಣಿಸಿ ಅಂತ ಅದಕ್ಕೇ ಹೇಳುವುದು. ಬೋರ್ಡಿನ ಮೇಲೆ ಎಲ್ಲವನ್ನೂ ಜೋಡಿಸಿಬಿಟ್ಟರೆ ಎಣಿಸುವ ಕೆಲಸವೂ ಇಲ್ಲ, ಖಾಲಿ ಮನೆ ತಾನೇ ಕಾಣುತ್ತದೆ.

ಇನ್ನು ಕರೆಯುವ ಮಾತು. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ, ಎಲ್ಲಕ್ಕಿಂತ ಕಷ್ಟವಾದದ್ದೂ ಅದೇ. ಬರೀ ಕನ್ನಡದಲ್ಲಿ ಕರೆದರೆ ಇಪ್ಪತ್ತೇಳಿಗೂ ಎಪ್ಪತ್ತೇಳಿಗೂ ಒಂದಕ್ಷರದ ಅಂತರ. ಹಿಂದೆ ಕೂತವರಿಗೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಕರೆದರೆ ಥರ್ಟೀನ್, ಥರ್ಟಿ ಜಗಳ. ನಮ್ಮ ಗುಂಪಿನಲ್ಲಿ ಉರ್ದು ಮಾತಾಡುವವರು ಆರೇಳು ಮಂದಿ ಇದ್ದಾರೆ. ಅವರಿಗಾಗಿ ಉನತೀಸ್, ಉನತಾಲೀಸ್ ಅನ್ನಲು ಹೋಗಿ ನನ್ನ ನಾಲಗೆಯೇ ಹೊರಳಿತು. ಕೊನೆಗೆ ಹಿಡಿದ ದಾರಿ, ಮೊದಲು ಅಂಕಿ ಬಿಡಿಬಿಡಿಯಾಗಿ, ಆಮೇಲೆ ನಂಬರು. "ಎರಡು ಏಳು, ಇಪ್ಪತ್ತೇಳು. ದೋ ಸಾತ್." ಸ್ವಲ್ಪ ಉದ್ದ, ಆದರೆ ತಕರಾರು ಇಲ್ಲ.

ಡಲ್ಲಾಸಿನಲ್ಲಿರುವ ಅಕ್ಕನ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳು, "ಚಿಕ್ಕಮ್ಮ, ಇಲ್ಲಿ ಬಿಂಗೊ ಅಂದರೆ ಬೇರೇನೇ" ಅಂದಳು. ಅಮೆರಿಕದಲ್ಲಿ ಐದಕ್ಕೆ ಐದು ಮನೆ, ನಂಬರು 75ರ ತನಕ, ನಡುವಿನ ಮನೆ ನಿಜವಾಗಿಯೂ ಬಿಟ್ಟಿ. ಪ್ರತಿ ಉದ್ದ ಸಾಲಿಗೆ ಬಿಂಗೊ ಪದದ ಒಂದೊಂದು ಇಂಗ್ಲಿಷ್ ಅಕ್ಷರ. ಬಿ ಸಾಲಿಗೆ 1ರಿಂದ 15, ಐ ಸಾಲಿಗೆ 16ರಿಂದ 30, ಹೀಗೆ. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ, ಹೇಗೆ ಐದಾದರೂ ಬಿಂಗೊ ಅಂತ ಕೂಗಬಹುದು. ನಮ್ಮದು ಇಂಗ್ಲೆಂಡಿನ 90 ನಂಬರಿನ ಆಟಕ್ಕೆ ಹತ್ತಿರ. ಬ್ರಿಟಿಷ್ ಸೈನಿಕರು ಅದನ್ನು ಹೌಸಿ ಅಂತ ಆಡುತ್ತಿದ್ದರು. ನಮ್ಮಲ್ಲೂ ಹಳಬರು ಹೌಸಿ ಅಂತಲೇ ಅನ್ನುತ್ತಾರೆ. ತಂಬೋಲಾ ಅನ್ನುವ ಹೆಸರಿನ ಬೇರು ಇಟಲಿಯ ಟೊಂಬೊಲಾದಲ್ಲಿದೆ. ನೇಪಲ್ಸ್ ಕಡೆ ಕ್ರಿಸ್‌ಮಸ್ಸಿಗೆ ಮನೆಮಂದಿಯೆಲ್ಲ ಕೂತು ಆಡುತ್ತಾರಂತೆ.

ಇಂಗ್ಲೆಂಡಿನಲ್ಲಿ ಒಂದೊಂದು ನಂಬರಿಗೂ ಒಂದೊಂದು ಅಡ್ಡಹೆಸರು. 11ಕ್ಕೆ ಕಾಲುಗಳು, 22ಕ್ಕೆ ಎರಡು ಬಾತುಕೋಳಿ. ಅಂಕಿಯ ಆಕಾರ ನೋಡಿದರೆ ಗೊತ್ತಾಗುತ್ತದೆ. 88ಕ್ಕೆ ಇಬ್ಬರು ದಪ್ಪ ಹೆಂಗಸರು. ನಾನು ಉತ್ಸಾಹದಲ್ಲಿ ಅದನ್ನೂ ಕನ್ನಡದಲ್ಲಿ ಹೇಳಿಬಿಟ್ಟೆ. ಮುಂದಿನ ಸೋಫಾದಲ್ಲಿ ಇಬ್ಬರು ಕೂತಿದ್ದರು, ಇಬ್ಬರೂ ಮೈಕೈ ತುಂಬಿಕೊಂಡವರು. ಯಾರೂ ನಗಲಿಲ್ಲ. ಆ ತಿಂಗಳು ಅವರ ಮನೆಯಿಂದ ಬರಬೇಕಿದ್ದ ಸುಸಲಾ ಮಿರ್ಚಿ ಬರಲೇ ಇಲ್ಲ.

ಎರವಲು ಮಾತು ಬೇಡ, ನಮ್ಮವೇ ಮಾಡಿಕೊಳ್ಳೋಣ ಅಂತ ಆಮೇಲೆ ಎಲ್ಲರೂ ಸೇರಿ ಹೆಸರಿಟ್ಟೆವು. ಗಾಡಿ ನಂಬರಿನಿಂದ ಶುರುವಾಯಿತು. 32 ಅಂದರೆ "ನಮ್ಮ ಗಾಡಿ", 33 "ಯಾದಗಿರಿ ಗಾಡಿ", 38 "ಬೀದರ್ ಗಾಡಿ", 39 ಭಾಲ್ಕಿ, 56 ಬಸವಕಲ್ಯಾಣ. 63 "ಪುರಾತನರು". 35 "ಪಾಸಾದ್ಯಾ?" 44 "ಕೂಲರ್ ಹಚ್ರಿ". 60 "ರಿಟೈರ್". 90 ಬಂದರೆ ನಾನು ಏನೂ ಅನ್ನುವುದಿಲ್ಲ, ಗಂಡಂದಿರ ನೆನಪಾಗಿ ಅವರವರೇ ನಗುತ್ತಾರೆ. ಸರ್ಕಾರಿ ನೌಕರಿಗೆ ಸೇರಿದ ಒಬ್ಬ ಹುಡುಗಿ ನಮ್ಮ ಭಾಗಕ್ಕೆ ನೌಕರಿ ಮೀಸಲಾತಿ ತಂದ 371ಜೆ ಕಲಮನ್ನೂ ಕರೀರಿ ಅಂತ ತಮಾಷೆ ಮಾಡುತ್ತಾಳೆ. ನಮ್ಮ ಚೀಲ 90ಕ್ಕೇ ಮುಗಿಯುತ್ತದೆ, ಏನು ಮಾಡುವುದು.

47ಕ್ಕೆ "ದೇಶದ ಸ್ವಾತಂತ್ರ್ಯ", 48ಕ್ಕೆ "ನಮ್ಮ ಸ್ವಾತಂತ್ರ್ಯ". ಮೈಸೂರಿನಿಂದ ಬಂದಿದ್ದ ಒಬ್ಬ ಸೊಸೆ, "ಅದು ನಲವತ್ತೇಳು ಅಲ್ವಾ ಆಂಟಿ?" ಅಂತ 48ರ ಬದಲು 47 ಹೊಡೆದುಕೊಂಡಳು. ನಾವು ನಿಜಾಮನ ಕೈಯಲ್ಲಿದ್ದೆವು, 1948ರ ಸೆಪ್ಟೆಂಬರ್ 17ರ ತನಕ ನಮಗೆ ಬಿಡುಗಡೆ ಇರಲಿಲ್ಲ ಅಂತ ಅವಳಿಗೆ ಹೇಳಿದ್ದು ನಾನಲ್ಲ, ನಮ್ಮ ಅತ್ತೆ. ಆಗ ಅವರಿಗೆ ಆರು ವರ್ಷ. ರಜಾಕಾರರ ಹೆದರಿಕೆಗೆ ರಾತ್ರೋರಾತ್ರಿ ಬಂಡಿ ಕಟ್ಟಿ ಸೊಲ್ಲಾಪುರದ ಕಡೆ ಹೋದದ್ದು, ಬಂಡಿಯಲ್ಲಿ ಅಳಬಾರದು ಅಂತ ಅವರ ಅವ್ವ ಬಾಯಿಗೆ ಬೆಲ್ಲ ಇಟ್ಟದ್ದು, ಎಲ್ಲ ಹೇಳಿದರು. ಅವತ್ತು ಹತ್ತು ನಿಮಿಷ ಆಟ ನಿಂತಿತು. ಯಾರೂ ಜಲ್ದಿ ಮಾಡ್ರಿ ಅನ್ನಲಿಲ್ಲ.

ಅತ್ತೆ ಆಟಕ್ಕೆ ಬಂದದ್ದೇ ಒಂದು ಸೋಜಿಗ. ನಾನು ಮನೆಯಲ್ಲಿ ಬಿಲ್ಲೆ ಜೋಡಿಸುವಾಗ ಮೊದಲ ದಿನವೇ, "ಏನ ಇದು, ಮಟ್ಕಾ ನಂಬರ್ ಬರೀಲಿಕತ್ತೀಯೇನು?" ಅಂದಿದ್ದರು. ಒಂದಂಕಿ ಲಾಟರಿಯಲ್ಲಿ ಹೊಲ ಕಳೆದುಕೊಂಡ ಮನೆ ಅವರ ತವರಿನ ಓಣಿಯಲ್ಲೇ ಇತ್ತು. ರಾಜ್ಯದಲ್ಲಿ ಲಾಟರಿ 2007ರಲ್ಲೇ ಬಂದ್ ಆಯಿತು. ಆದರೂ ನಂಬರು, ಚೀಟಿ ಅಂದರೆ ಅವರಿಗೆ ಸಿಟ್ಟು. ಒಂದು ದಿನ ಸುಮ್ನೆ ಬಂದು ಕೂತು ನೋಡಿ ಅಂದೆ. ದುಡ್ಡಿಲ್ಲ, ಗೆದ್ದರೆ ಸ್ಟೀಲ್ ಬಟ್ಟಲು ಅಂತ ಖಾತ್ರಿಯಾದ ಮೇಲೆ ಒಂದು ಟಿಕೆಟ್ ಕೇಳಿದರು. ಈಗ ಎರಡು ಆಡುತ್ತಾರೆ. ಕನ್ನಡಕ ಹಾಕಿಕೊಂಡು, ನನಗಿಂತ ಮೊದಲು ಬೋಗಿ ಹಿಡಿಯುತ್ತಾರೆ.

ಎಲ್ಲ ನಂಬರಿಗೂ ಹೆಸರು ಸಿಕ್ಕಿಲ್ಲ. ಕೆಲವು ಬರೀ ನಂಬರಾಗಿಯೇ ಉಳಿದಿವೆ. ಕಳೆದ ತಿಂಗಳು 57 ಬಂದಾಗ ಏನು ಅನ್ನುವುದು ಅಂತ ತಡವರಿಸಿದೆ. ಅತ್ತೆ ಚೀಟಿಯಿಂದ ತಲೆ ಎತ್ತದೆ ಹೇಳಿದರು: "ದಿವಾನದ ಕೆಳಗಿಂದು ಅನ್ನು."