ನಾಲ್ಕು ಅಡಿ ಎತ್ತರದ ಕೋಟೆ

ರಂಗಸಜ್ಜಿಕೆ ಕಲಿಸಲು ನಾನು ಕಾರ್ನಾಡರ ‘ತುಘಲಕ್’ ನಾಟಕ ತೆಗೆದುಕೊಳ್ಳುತ್ತೇನೆ. ಕಥೆ ದೆಹಲಿಯಿಂದ ದೌಲತಾಬಾದಿಗೆ ಹೋಗುತ್ತದೆ. ಅರಮನೆ ಬೇಕು, ಬೀದಿ ಬೇಕು, ರಾತ್ರಿ ಕಾವಲುಗಾರರು ಮಾತಾಡುವ ಕೋಟೆಯೂ ಬೇಕು. ಕಂಪನಿ ನಾಟಕದವರು ಬೀದಿಯ ಚಿತ್ರವಿರುವ ಪರದೆ ಇಳಿಬಿಟ್ಟು ಮುಂದೆ ಹಾಸ್ಯದ ಸೀನು ಆಡಿಸುತ್ತ, ಹಿಂದೆ ದರ್ಬಾರು ಜೋಡಿಸಿಕೊಳ್ಳುತ್ತಿದ್ದರು. ಆ ಜಾಣ್ಮೆ ಹುಡುಗರಿಗೆ ಇಲ್ಲೇ ಸಿಗಲಿ ಅಂತ ನನ್ನ ಆಸೆ.

ಮೊದಲ ವರ್ಷ ನೇರವಾಗಿ ಸ್ಕೆಚ್‌ಅಪ್, ಅಂದರೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಕಟ್ಟುವ ಸಾಫ್ಟ್‌ವೇರ್, ಹಿಡಿಸಿದೆ. ಅದು ನನ್ನದೇ ತಪ್ಪು. ಒಬ್ಬ ವಿದ್ಯಾರ್ಥಿನಿ ನಾಲ್ಕು ಅಡಿ ಎತ್ತರದ ಕೋಟೆ ಮಾಡಿ, ನಾಲ್ಕೇ ಮೆಟ್ಟಿಲು ಇಟ್ಟಿದ್ದಳು. ಸ್ಕ್ರೀನಿನ ಮೇಲೆ ಬಹಳ ಚೆನ್ನಾಗಿತ್ತು, ನಾನೂ ಹೊಗಳಿದೆ. ಆಮೇಲೆ ರಟ್ಟಿನಲ್ಲಿ 1:25 ಅಳತೆಗೆ (ನಿಜದ ಇಪ್ಪತ್ತೈದನೇ ಒಂದು ಪಾಲು) ಕತ್ತರಿಸಿ, 6.6 ಸೆಂಟಿಮೀಟರಿನ ಕಾಗದದ ನಟನನ್ನು ಪಕ್ಕದಲ್ಲಿ ನಿಲ್ಲಿಸಿದಾಗ ಮೆಟ್ಟಿಲು ತೀರಾ ಎತ್ತರವೇನೋ ಅಂತ ಅನುಮಾನ ಬಂತು. ಅಂಗಳದಲ್ಲಿ ಇಟ್ಟಿಗೆ ಪೇರಿಸಿ ಒಂದೊಂದು ಅಡಿ ಎತ್ತರದ ಮೆಟ್ಟಿಲು ಮಾಡಿದೆವು. ಉದ್ದ ನಿಲುವಂಗಿ ತೊಟ್ಟು ಅವಳೇ ಹತ್ತಿದಳು. ಮೂರನೆಯದರಲ್ಲಿ ಅಂಚು ತುಳಿದು ಮುಗ್ಗರಿಸಿದಳು.

ಪ್ರತಿ ಮೆಟ್ಟಿಲಿನ ಎತ್ತರ ಆರು ಇಂಚಿಗೆ ಇಳಿಸಿದರೆ ಮೆಟ್ಟಿಲಿನ ಸಂಖ್ಯೆ ಹೆಚ್ಚಿ, ಅವೇ ಏಳು ಅಡಿ ಜಾಗ ತಿನ್ನುತ್ತವೆ. ಹಾಗಾದರೆ ಸಿಂಹಾಸನ ಎಲ್ಲಿಡೋದು? ಇಲ್ಲಿ ಕಂಪ್ಯೂಟರ್ ನಿಜಕ್ಕೂ ಕೈಹಿಡಿಯಿತು. ರಟ್ಟಿನಲ್ಲಾಗಿದ್ದರೆ ಒಂದು ದಿನ ಹಿಡಿಯುತ್ತಿತ್ತು. ಅರ್ಧ ಗಂಟೆಯಲ್ಲಿ ಕೋಟೆ ಮೂರು ಅಡಿಗೆ ಇಳಿಸಿ, ಮೆಟ್ಟಿಲು ಪಕ್ಕಕ್ಕೆ ತಿರುಗಿಸಿ, ಕೊನೇ ಸಾಲಿನ ಎಡತುದಿಯ ಕುರ್ಚಿಯಿಂದ ಏನು ಕಾಣುತ್ತದೆ ಅಂತ ನೋಡಿದೆವು. ಸಿಂಹಾಸನದ ಅರ್ಧ ಮರೆಯಾಗಿತ್ತು. ಅದನ್ನು ಎರಡು ಅಡಿ ಬಲಕ್ಕೆ ಸರಿಸಿದೆವು. 8×4 ಅಡಿಯ ಪ್ಲೈವುಡ್ ಎಷ್ಟು ಹಾಳೆ ಬೇಕು ಅನ್ನೋ ಲೆಕ್ಕವೂ ಅದೇ ಚಿತ್ರದಿಂದ ಸಿಕ್ಕಿತು.

ಈಗ ಮೊದಲ ವಾರ ಕಂಪ್ಯೂಟರ್ ಮುಟ್ಟಿಸುವುದೇ ಇಲ್ಲ. ಟೇಪು ಕೊಟ್ಟು, ಅವರವರ ಮನೆಯ ಮೆಟ್ಟಿಲು, ಬಾಗಿಲು, ಅಮ್ಮ ಅಡುಗೆ ಮಾಡುವ ಕಟ್ಟೆ ಅಳೆದು ಬನ್ನಿ ಅನ್ನುತ್ತೇನೆ. ಆಮೇಲೆ ರಟ್ಟು, ಫೆವಿಕಾಲು, ನೆಲದ ಮೇಲೆ ಅಂಟುಟೇಪಿನಲ್ಲಿ ಸೆಟ್ಟಿನ ಗೆರೆ ಹಾಕಿ ನಡೆದಾಡೋದು. ಸ್ಕೆಚ್‌ಅಪ್ ಅದರ ನಂತರ.

ಆ ವರ್ಷ ಕೋಟೆ ಕಟ್ಟಿ ಮುಗಿದ ರಾತ್ರಿ ಕಾವಲುಗಾರರ ದೃಶ್ಯದ ತಾಲೀಮು. ಹೆಜ್ಜೆ ಇಟ್ಟರೆ ಸಾಕು, ಟೊಳ್ಳು ಪ್ಲೈವುಡ್ ದಡದಡ ಅಂತ ಮಾತನ್ನೇ ನುಂಗಿಹಾಕಿತು. ಅದನ್ನು ಯಾವ ಸ್ಕ್ರೀನೂ ಹೇಳಿರಲಿಲ್ಲ, ರಟ್ಟಿನ ಮಾಡೆಲ್ಲೂ ಹೇಳಿರಲಿಲ್ಲ. ಹುಡುಗರೇ ಸ್ಟೋರ್‌ರೂಮಿನಿಂದ ಹಳೇ ನಾರಿನ ಚಾಪೆ ತಂದು, ಮೇಲೆ ಹಾಸಿ ಮೊಳೆ ಹೊಡೆದು, ಕಲ್ಲಿನ ಬಣ್ಣ ಬಳಿದರು. ಒಣಗುವಷ್ಟರಲ್ಲಿ ಬೆಳಗಾಗಿತ್ತು.